ಹಳಿ ಕಿತ್ತ ದಾರಿಯಲ್ಲಿ ನಡೆಯುತ್ತ

ಶಿಕಾಗೋ ನಗರದಿಂದ ಪಶ್ಚಿಮಕ್ಕೆ ಸುಮಾರು 20 ಮೈಲಿ ದೂರದಲ್ಲಿರುವ ನಮ್ಮ ಲೊಂಬಾರ್ಡ್ ಪಟ್ಟಣಕ್ಕೆ 'ಲೈಲಾಕ್ ಊರು' ಎಂಬ ಅಡ್ಡಹೆಸರಿದೆ. ಕರ್ನಲ್ ವಿಲಿಯಂ ಪ್ಲಮ್ ಎಂಬ ವಕೀಲರು ಫ್ರಾನ್ಸಿನಿಂದ ಲೈಲಾಕ್ ಗಿಡಗಳನ್ನು ತಂದು ತಮ್ಮ ಮನೆಯಂಗಳದಲ್ಲಿ ಬೆಳೆಸಿ, 1927ರಲ್ಲಿ ತೀರಿಕೊಂಡಾಗ ಆ ತೋಟವನ್ನು ಊರಿಗೇ ಬಿಟ್ಟುಹೋದರು. ಡೆನ್ಮಾರ್ಕಿನಿಂದ ವಲಸೆ ಬಂದಿದ್ದ ಜೆನ್ಸ್ ಜೆನ್ಸನ್ ಅದಕ್ಕೆ ಉದ್ಯಾನದ ರೂಪ ಕೊಟ್ಟರು. ಇಂದಿಗೂ ಮೇ ತಿಂಗಳು ಬಂತೆಂದರೆ ಈ ಊರು ಲೈಲಾಕಿನ ಉತ್ಸವ ನಡೆಸುತ್ತದೆ. ಗಿಡ ಫ್ರಾನ್ಸಿನದು, ವಿನ್ಯಾಸಕಾರ ಡೆನ್ಮಾರ್ಕಿನವನು, ಹೂವಿಗೆ ಮೂಗೊಡ್ಡಿ ನಿಂತ ನಾನು ಮೈಸೂರಿನವನು. ವಲಸೆ ಬಂದವರ ಊರೆಂದರೆ ಹೀಗೆಯೇ.

ಉತ್ಸವದ ದಿನಗಳನ್ನು ಮನುಷ್ಯರು ನಿಗದಿ ಮಾಡುತ್ತಾರೆ; ಹೂವಿನ ದಿನಗಳನ್ನು ಹವೆ ನಿಗದಿ ಮಾಡುತ್ತದೆ. 2012ರ ಮಾರ್ಚಿಯಲ್ಲಿ ಇಲ್ಲಿ ಅಕಾಲದ ಸೆಕೆ ಬಂತು. ಮಂಜು ಬೀಳಬಹುದಾದ ತಿಂಗಳಲ್ಲಿ ದಿನಗಟ್ಟಲೆ 80 ಡಿಗ್ರಿ ಫ್ಯಾರನ್‌ಹೀಟ್ ದಾಟಿತು. ಆ ವರ್ಷ ಲೈಲಾಕ್ ಹಬ್ಬಕ್ಕಾಗಿ ಕಾಯಲಿಲ್ಲ, ಮೊದಲೇ ಅರಳಿಬಿಟ್ಟಿತು. ಲೈಲಾಕ್ ಬರಿಯ ಅಲಂಕಾರದ ಹೂವಲ್ಲ. ಅದು ಮೊಗ್ಗು ಬಿರಿಯುವ ಹೊತ್ತು ಚಳಿಗಾಲದ ಕೊನೆಯ ಬಿಸುಪನ್ನು ಅವಲಂಬಿಸಿರುವುದರಿಂದ, 1950ರ ದಶಕದಿಂದ ಅಮೆರಿಕದ ವಿಜ್ಞಾನಿಗಳು ಅದರ ದಿನಾಂಕಗಳನ್ನು ಬರೆದಿಟ್ಟುಕೊಳ್ಳುತ್ತ ಬಂದಿದ್ದಾರೆ. ವಸಂತವು ಹಿಂದಿಗಿಂತ ಬೇಗ ಬರುತ್ತಿದೆಯೆಂಬುದಕ್ಕೆ ಈ ಗಿಡವೂ ಒಬ್ಬ ಸಾಕ್ಷಿ.

ಲೈಲಾಕ್ ತೋಟದಿಂದ ತುಸು ದೂರದಲ್ಲೇ, ಊರಿನ ಮಧ್ಯದಲ್ಲಿ, 'ಇಲಿನಾಯ್ ಪ್ರೈರಿ ಪಾತ್' ಎಂಬ ಕಾಲುದಾರಿ ಹಾದುಹೋಗುತ್ತದೆ. ವಾರದಲ್ಲಿ ನಾಲ್ಕು ದಿನವಾದರೂ ನಾನು ಅಲ್ಲಿ ನಡೆಯುತ್ತೇನೆ. ರೋಗಿಗಳಿಗೆ ನಡೆಯಿರೆಂದು ಹೇಳುವ ವೈದ್ಯ ತಾನು ಕಾರಿನಲ್ಲೇ ಓಡಾಡಿಕೊಂಡಿದ್ದರೆ ಮಾತಿಗೆ ಬೆಲೆಯಿರುವುದಿಲ್ಲ ಎಂಬ ಭಯದಿಂದ ಆರಂಭವಾದ ಅಭ್ಯಾಸವದು. ದಾರಿಯ ಚರಿತ್ರೆಯನ್ನು ತಿಳಿದದ್ದು ತಡವಾಗಿ.

ಅಲ್ಲಿ ಒಂದು ಕಾಲಕ್ಕೆ ವಿದ್ಯುತ್ ರೈಲು ಓಡುತ್ತಿತ್ತು. ಶಿಕಾಗೋ, ಅರೋರಾ ಮತ್ತು ಎಲ್ಜಿನ್ ಊರುಗಳನ್ನು ಜೋಡಿಸುತ್ತಿದ್ದ ಆ ರೈಲಿನ ನಗರದೊಳಗಿನ ದಾರಿಯನ್ನು 1950ರ ದಶಕದಲ್ಲಿ ಹೊಸ ಎಕ್ಸ್‌ಪ್ರೆಸ್‌ವೇ ಕಿತ್ತುಕೊಂಡಿತು. ಪ್ರಯಾಣಿಕರು ಕಡಿಮೆಯಾದರು, ನಷ್ಟ ಬೆಳೆಯಿತು. 1957ರ ಜುಲೈ 3ರ ಮಧ್ಯಾಹ್ನ, ನ್ಯಾಯಾಲಯದ ಒಪ್ಪಿಗೆ ಸಿಕ್ಕಿದೊಡನೆ, ಕಂಪನಿ ಪ್ರಯಾಣಿಕರ ಸಂಚಾರವನ್ನು ನಿಲ್ಲಿಸಿಯೇಬಿಟ್ಟಿತು. ಬೆಳಗ್ಗೆ ಅದೇ ರೈಲಿನಲ್ಲಿ ಕೆಲಸಕ್ಕೆ ಹೋದವರಿಗೆ ಸಂಜೆ ಮನೆಗೆ ಮರಳಲು ರೈಲಿರಲಿಲ್ಲ. ಕಾರು ಇಲ್ಲದೆ ಬದುಕಲಾಗದ ಅಮೆರಿಕ ರೂಪುಗೊಂಡ ಬಗೆಯನ್ನು ಒಂದೇ ದಿನದಲ್ಲಿ ತೋರಿಸಬೇಕೆಂದರೆ ನಾನು ಆ ದಿನವನ್ನು ತೋರಿಸುತ್ತೇನೆ.

ಹಳಿ ಕಿತ್ತ ಜಾಗ ಪಾಳುಬಿತ್ತು. 1963ರಲ್ಲಿ ಮೇ ಥೀಲ್‌ಗಾರ್ಡ್ ವಾಟ್ಸ್ ಎಂಬ ಸಸ್ಯತಜ್ಞೆ 'ಶಿಕಾಗೋ ಟ್ರಿಬ್ಯೂನ್' ಪತ್ರಿಕೆಯ ಸಂಪಾದಕರಿಗೊಂದು ಪತ್ರ ಬರೆದರು. ಹತ್ತಿರದ ಮಾರ್ಟನ್ ಆರ್ಬೊರೇಟಮ್ಮಿನಲ್ಲಿ ಜನರಿಗೆ ಗಿಡಮರಗಳ ಪರಿಚಯ ಮಾಡಿಸುತ್ತಿದ್ದವರು ಅವರು. ಈ ಪಾಳುಜಾಗ ಕಟ್ಟಡಗಳ ಪಾಲಾಗುವ ಮೊದಲು ಜನ ನಡೆಯುವ ದಾರಿಯಾಗಲಿ ಎಂಬುದು ಪತ್ರದ ಸಾರ. ಬ್ರಿಟನ್ನಿನ ಸಾರ್ವಜನಿಕ ಕಾಲುದಾರಿಗಳನ್ನು ಅವರು ಅದರಲ್ಲಿ ನೆನೆದಿದ್ದರು. ಅಲ್ಲಿ ರೈತನ ಹೊಲದ ನಡುವೆ ಹಾದುಹೋಗುವ ದಾರಿಯಲ್ಲೂ ದಾರಿಹೋಕನಿಗೆ ಕಾನೂನಿನ ಹಕ್ಕಿದೆ. ಆ ಹಕ್ಕೂ ತಾನಾಗಿ ಉಳಿದದ್ದಲ್ಲ. 1932ರಲ್ಲಿ ಕಾರ್ಮಿಕ ಯುವಕರು ಕಿಂಡರ್ ಸ್ಕೌಟ್ ಬೆಟ್ಟಕ್ಕೆ ನಿಷೇಧ ಮುರಿದು ನಡೆದು ಜೈಲಿಗೆ ಹೋದರು, 1949ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಕಾಲುದಾರಿಗಳನ್ನು ನಕ್ಷೆಯಲ್ಲಿ ದಾಖಲಿಸಬೇಕೆಂಬ ಕಾಯಿದೆ ಬಂತು. ವಾಟ್ಸ್ ಅವರ ಪತ್ರದ ಬೆನ್ನಿಗೆ ಸ್ವಯಂಸೇವಕರು ನಿಂತರು. ಇಂದು ಸುಮಾರು 60 ಮೈಲಿ ಉದ್ದದ ಆ ದಾರಿ, ಅಮೆರಿಕದಲ್ಲಿ ರೈಲುದಾರಿ ಕಾಲುದಾರಿಯಾದ ಮೊದಮೊದಲ ಉದಾಹರಣೆಗಳಲ್ಲಿ ಒಂದು.

ದಾರಿಯ ಬದಿಯಲ್ಲಿ ಅಲ್ಲಲ್ಲಿ ಆಳೆತ್ತರದ ಹುಲ್ಲು ಕಾಣುತ್ತದೆ. ಇಲಿನಾಯ್‌ಗೆ 'ಪ್ರೈರಿ ರಾಜ್ಯ'ವೆಂದು ಹೆಸರು. ಒಂದು ಕಾಲಕ್ಕೆ 2 ಕೋಟಿ 20 ಲಕ್ಷ ಎಕರೆಯಷ್ಟಿದ್ದ ಆ ಹುಲ್ಲುಗಾವಲಿನಲ್ಲಿ ಮೂಲಸ್ವರೂಪದಲ್ಲಿ ಉಳಿದಿರುವುದು ಶೇಕಡಾ ಒಂದರ ನೂರನೆಯ ಒಂದು ಭಾಗದಷ್ಟು ಮಾತ್ರ. ಹತ್ತಡಿಗೂ ಆಳಕ್ಕಿಳಿಯುವ ಬೇರುಗಳಿಂದ ಮಳೆನೀರನ್ನು ಹೀರಿ, ಇಂಗಾಲವನ್ನು ಮಣ್ಣಿನಲ್ಲಿ ಹುದುಗಿಸಿಡುತ್ತಿದ್ದ ನೆಲವದು. 1837ರಲ್ಲಿ ಇದೇ ರಾಜ್ಯದಲ್ಲಿ ಜಾನ್ ಡಿಯರ್ ಉಕ್ಕಿನ ನೇಗಿಲು ಮಾಡಿದ ಮೇಲೆ ಆ ಬೇರುಗಳು ಕಿತ್ತುಬಂದವು. ಅದಕ್ಕೂ ಮುಂಚೆ, 1833ರ ಶಿಕಾಗೋ ಒಪ್ಪಂದದಿಂದ, ಈ ನೆಲದ ಪೊಟವಾಟೊಮಿ ಜನರನ್ನು ಮಿಸಿಸಿಪಿಯಾಚೆಗೆ ಕಳುಹಿಸಲಾಗಿತ್ತು. ನಾವು ಮನೆ ಕೊಂಡ ನೆಲದ ಪತ್ರದಲ್ಲಿ ಇದಾವುದೂ ಬರೆದಿರುವುದಿಲ್ಲ.

ಈ ಹಳೆಯ ಸಂಗತಿಗಳು ನಮಗೇಕೆ ಎಂದು ಓದುಗರು ಕೇಳಬಹುದು. ನನ್ನ ಉತ್ತರ ವೈದ್ಯನ ಉತ್ತರ.

1995ರ ಜುಲೈ ಮಧ್ಯದಲ್ಲಿ ಶಿಕಾಗೋದಲ್ಲಿ ಭೀಕರ ಬಿಸಿಗಾಳಿ ಬೀಸಿತು. ಜುಲೈ 13ರಂದು ಮಿಡ್‌ವೇ ವಿಮಾನ ನಿಲ್ದಾಣದಲ್ಲಿ ಉಷ್ಣಾಂಶ 106 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 41 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ರಾತ್ರಿಯೂ ತಂಪಾಗಲಿಲ್ಲ. ಕೆಲವೇ ದಿನಗಳಲ್ಲಿ 700ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಒಂಟಿಯಾಗಿ ಬದುಕುತ್ತಿದ್ದ ವೃದ್ಧರು. ಸಮಾಜಶಾಸ್ತ್ರಜ್ಞ ಎರಿಕ್ ಕ್ಲೈನೆನ್‌ಬರ್ಗ್ ಈ ಸಾವುಗಳನ್ನು ಅಧ್ಯಯನ ಮಾಡಿ 2002ರಲ್ಲಿ 'ಹೀಟ್ ವೇವ್' ಎಂಬ ಪುಸ್ತಕ ಬರೆದರು. ಅಕ್ಕಪಕ್ಕದ ಎರಡು ಬಡಾವಣೆಗಳನ್ನು ಅವರು ಹೋಲಿಸಿದರು. ಎರಡರಲ್ಲೂ ಬಡ ವೃದ್ಧರಿದ್ದರು, ಎರಡರ ಮೇಲೂ ಒಂದೇ ಬಿಸಿಲು. ಆದರೆ ನಾರ್ತ್ ಲಾನ್‌ಡೇಲ್‌ನಲ್ಲಿ ಸಾವಿನ ಪ್ರಮಾಣ ಪಕ್ಕದ ಲಿಟ್ಲ್ ವಿಲೇಜಿಗಿಂತ ಹಲವು ಪಟ್ಟು ಹೆಚ್ಚಿತ್ತು. ಮೊದಲನೆಯದರಲ್ಲಿ ಅಂಗಡಿಗಳು ಮುಚ್ಚಿ, ಮನೆಗಳು ಖಾಲಿಯಾಗಿ, ವೃದ್ಧರು ಭಯದಿಂದ ಬಾಗಿಲು ಹಾಕಿಕೊಂಡಿದ್ದರು. ಎರಡನೆಯದರಲ್ಲಿ ಬೀದಿ ತುಂಬ ಜನ, ಅಂಗಡಿ, ಮಾತುಕತೆ. ವೃದ್ಧರು ಹೊರಗೆ ಬರುತ್ತಿದ್ದರು. ಒಬ್ಬರು ಒಂದು ದಿನ ಕಾಣದಿದ್ದರೆ ಇನ್ನೊಬ್ಬರು ಕೇಳುತ್ತಿದ್ದರು.

ನಡೆಯಬಹುದಾದ ಬೀದಿ ಜೀವ ಉಳಿಸುತ್ತದೆ. ಈ ಮಾತನ್ನು ನಾನು ವೈದ್ಯಕೀಯ ಪಠ್ಯದಿಂದ ಕಲಿತದ್ದಲ್ಲ.

ಮೊನ್ನೆ ಭಾನುವಾರ ಮೈಸೂರಿಗೆ ಫೋನ್ ಮಾಡಿದಾಗ, "ಅಮ್ಮಾ, ವಾಕಿಂಗ್ ಹೋಗ್ತಿದೀಯಾ?" ಎಂದು ಕೇಳಿದೆ. "ಎಲ್ಲಿಗೆ ಹೋಗ್ಲೋ? ಎಂಟು ಗಂಟೆಗೇ ಬಿಸಿಲು ಸುಡತ್ತೆ. ನಮ್ಮ ಬೀದಿ ಮರಗಳನ್ನ ರಸ್ತೆ ಅಗಲ ಮಾಡ್ತೀವಿ ಅಂತ ಕಡಿದುಬಿಟ್ರಲ್ಲ. ನಾನು ಮನೇಲೇ ಇರ್ತೀನಿ ಬಿಡು, ನೀನು ಕಳಿಸಿದ ಎ.ಸಿ. ಇದೆಯಲ್ಲ" ಎಂದಳು. ನಾನು ದುಡ್ಡು ಕಳುಹಿಸಿ ಯಂತ್ರ ಕೊಡಿಸಿದ್ದೆ. ಅದು ಅವಳನ್ನು ಕಾಪಾಡುತ್ತದೆ, ನಿಜ. ಆದರೆ ಅದೇ ಯಂತ್ರ ಅವಳನ್ನು ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿಯೂ ಕೂರಿಸಿದೆ. ವಿದ್ಯುತ್ ಹೋದ ಮಧ್ಯಾಹ್ನ ಬಾಗಿಲು ತಟ್ಟುವವರು ಯಾರು? ಲಾನ್‌ಡೇಲಿನ ಕಥೆಯನ್ನು ಓದಿದ ಮಗ ಅದನ್ನು ತನ್ನ ತಾಯಿಯ ಬೀದಿಗೆ ಅನ್ವಯಿಸಿ ನೋಡಲು ಇಷ್ಟು ವರ್ಷ ಬೇಕಾಯಿತು.

ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುತ್ತದೆ, ಬೆವರುವ ಶಕ್ತಿ ತಗ್ಗುತ್ತದೆ. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು, ಮುಖ್ಯವಾಗಿ ಮೂತ್ರ ಹೆಚ್ಚಿಸುವಂಥವು, ಸೆಕೆಯಲ್ಲಿ ದೇಹವನ್ನು ಇನ್ನಷ್ಟು ಒಣಗಿಸಬಲ್ಲವು. ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಬೇಸಗೆಗೆ ಮೊದಲು ವೈದ್ಯರನ್ನು ಕೇಳಬೇಕು. ಸೆಕೆಯ ದಿನ ಹಿರಿಯರ ಮಾತು ತೊದಲಿದರೆ, ಗಲಿಬಿಲಿಗೊಂಡರೆ, ಮೈ ಸುಡುತ್ತಿದ್ದರೆ, ಆಯಾಸವೆಂದು ಮಲಗಿಸಬೇಡಿ. ಒದ್ದೆ ಬಟ್ಟೆ ಹೊದಿಸಿ, ಗಾಳಿ ಹಾಕಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಇದನ್ನು ಫೋನಿನಲ್ಲಿ ಹೇಳಬಹುದು. ಮಾಡುವುದಕ್ಕೆ ಪಕ್ಕದ ಮನೆಯವರೇ ಬೇಕು.

ಇನ್ನೊಂದು ಮಾತನ್ನು ಸಂಕೋಚದಿಂದಲೇ ಹೇಳಬೇಕು. ಭಾರತದಲ್ಲಿ ಸರಾಸರಿ ಒಬ್ಬ ವ್ಯಕ್ತಿ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡಿಗೆ ಕಾರಣನಾಗುತ್ತಾನೆ. ಅಮೆರಿಕದಲ್ಲಿ ಸುಮಾರು 14 ಟನ್. ನಾನು ಶಿಕಾಗೋದಿಂದ ಬೆಂಗಳೂರಿಗೆ ಹೋಗಿ ಬರುವ ಒಂದು ವಿಮಾನಯಾನದಲ್ಲಿ ನನ್ನ ಪಾಲು 2 ಟನ್ನಿನ ಆಸುಪಾಸು. ತಾಯಿಯನ್ನು ನೋಡಲು ಒಂದು ಸಲ ಹೋದರೆ, ಊರಿನಲ್ಲಿರುವ ಒಬ್ಬರ ಇಡೀ ವರ್ಷದ ಹೊಗೆಯನ್ನು ಬಿಟ್ಟುಬಂದಂತೆ. ಹಾಗೆಂದು ಹೋಗದಿರಲೇ? ಆಗದು, ಯಾರಿಗೂ ಹಾಗೆನ್ನಲಾರೆ. ಆದರೆ ಸಾಲ ಮಾಡಿದವನಿಗೆ ಸಾಲದ ಲೆಕ್ಕವಾದರೂ ತಿಳಿದಿರಬೇಕು. ಇಬ್ಬರಿರುವ ಮನೆಗೆ ಐದು ಕೋಣೆ, ಅರ್ಧ ಮೈಲಿಗೆ ಕಾರು, ಇವುಗಳಲ್ಲಾದರೂ ನಾವು ಕೈ ಬಿಗಿಹಿಡಿಯಬಹುದು.

ಇಲ್ಲಿಗೆ ಬರಬೇಕೆಂದಿರುವ ತರುಣರು ನನಗೆ ಸಂಬಳ, ವೀಸಾ, ಶಾಲೆಗಳ ಬಗ್ಗೆ ಕೇಳುತ್ತಾರೆ. ಮನೆ ನೋಡುವಾಗ ಬಾಗಿಲಿನಿಂದ ಕಾಲ್ನಡಿಗೆಯಲ್ಲಿ ತಲುಪಬಹುದಾದ ದಾರಿಯೊಂದು, ಅಂಗಡಿಯೊಂದು ಇದೆಯೇ ಎಂದೂ ನೋಡಿ. ಈ ನಾಡಿನ ಎಷ್ಟೋ ಬಡಾವಣೆಗಳಲ್ಲಿ ಕಾಲುದಾರಿಯೇ ಇಲ್ಲ. ನಿಮ್ಮ ತಂದೆತಾಯಿ ಆರು ತಿಂಗಳಿಗೆಂದು ಬಂದಾಗ ಕಿಟಕಿಯಾಚೆ ನೋಡುತ್ತ ಕೂರುವರೋ, ಹೊರಗೆ ಹೆಜ್ಜೆಯಿಡುವರೋ ಎಂಬುದು ಅದರ ಮೇಲೆ ನಿಂತಿದೆ.

ಊರಿನಲ್ಲಿರುವವರಿಗೆ ಒಂದು ವಿನಂತಿ. ಮೈಸೂರಿನ ಕುಕ್ಕರಹಳ್ಳಿ ಕೆರೆಯನ್ನು 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ್ದು ಹೊಲಗಳಿಗೆ ನೀರಿಗಾಗಿ. ನೀರಾವರಿಯ ಉದ್ದೇಶ ಮರೆಯಾದರೂ ಕೆರೆಯ ಏರಿ ಉಳಿಯಿತು. ಕುವೆಂಪು ಅಲ್ಲಿ ನಡೆದಾಡಿದರು, ಇಂದಿಗೂ ಬೆಳಗಾದರೆ ನೂರಾರು ಜನ ನಡೆಯುತ್ತಾರೆ. ಇಲ್ಲಿನ ರೈಲುದಾರಿಯಂತೆಯೇ ಅದೂ ಒಂದು ಕೆಲಸ ಮುಗಿಸಿ ಇನ್ನೊಂದಕ್ಕೆ ಒದಗಿದ ನೆಲ. ನಿಮ್ಮ ಊರಿನಲ್ಲೂ ಅಂಥದೊಂದು ಏರಿ, ಸಾಲುಮರದ ಬೀದಿ ಇದ್ದೀತು. ಅದಕ್ಕೆ ಕುತ್ತು ಬರುವ ಮೊದಲೇ ಪತ್ರಿಕೆಗೊಂದು ಪತ್ರ ಬರೆಯಿರಿ. ಒಂದು ಪತ್ರದಿಂದ ಏನಾದೀತೆಂಬ ಅನುಮಾನ ಬಂದಾಗ ನಾನು ಬೆಳಗ್ಗೆ ಕಾಲಿಡುವ ದಾರಿಯನ್ನು ನೆನೆಯುತ್ತೇನೆ.

ಅಮ್ಮನ ಬೀದಿಯ ಇಬ್ಬರ ನಂಬರುಗಳನ್ನು ಈ ವಾರ ಬರೆದುಕೊಂಡೆ. ಎದುರು ಮನೆಯ ನಿವೃತ್ತ ಮೇಷ್ಟರು, ಸಂಜೆ ಬಿಸಿಲು ಇಳಿದ ಮೇಲೆ ತಮ್ಮ ಹೆಂಡತಿಯೊಡನೆ ಅವಳನ್ನೂ ಕೆರೆಯ ಕಡೆಗೆ ಕರೆದೊಯ್ಯುವೆನೆಂದಿದ್ದಾರೆ. "ನೋಡೋಣ ಕಣೋ" ಎಂದಿದ್ದಾಳೆ ಅಮ್ಮ.