ಜೇಬು ಹಗುರ, ದಾರಿ ದೂರ

ದೇಶ ಸುತ್ತಬೇಕು, ಕೋಶ ಓದಬೇಕು ಎಂದ ಹಿರಿಯರು, ಸುತ್ತಲು ಹೊರಟವನು ರಾತ್ರಿ ಎಲ್ಲಿ ಮಲಗಬೇಕೆಂಬುದನ್ನು ಮಾತ್ರ ಹೇಳದೆ ಬಿಟ್ಟರು. ಪ್ರವಾಸದ ಲೆಕ್ಕ ತಪ್ಪುವುದು ಬಹುಮಟ್ಟಿಗೆ ಅಲ್ಲಿಯೇ.

ಕೊಳ್ಳೇಗಾಲ ತಾಲ್ಲೂಕಿನ ಮುಳ್ಳೂರಿನ ನಾಲ್ವರು ಗೆಳೆಯರು ಕಡಲತೀರವನ್ನು ನೋಡಲು ಹೊರಟರೆಂದು ಇಟ್ಟುಕೊಳ್ಳಿ. ಒಬ್ಬನು ಬೆಂಗಳೂರಿನಲ್ಲಿ ಕೈತುಂಬ ಸಂಬಳ ಎಣಿಸುವವನು. ಇನ್ನೊಬ್ಬನು ಶಾಲಾ ಉಪಾಧ್ಯಾಯ. ಮೂರನೆಯವನದು ಕೊಳ್ಳೇಗಾಲದಲ್ಲೊಂದು ಸಣ್ಣ ಅಂಗಡಿ. ನಾಲ್ಕನೆಯವನು ತಂದೆ ಬಿಟ್ಟುಹೋದ ಎರಡೆಕರೆ ಗದ್ದೆಯನ್ನೂ ಅದರ ಮೇಲಿನ ಸಾಲವನ್ನೂ ನೋಡಿಕೊಂಡು ಊರಿನಲ್ಲಿಯೇ ಇರುವವನು. ಓದಿದ್ದು ಒಂದೇ ಬೆಂಚಿನಲ್ಲಿ; ಈಗ ಜೇಬುಗಳು ಮಾತ್ರ ಬೇರೆ ಬೇರೆ.

ಮೊದಲನೆಯವನು, ಸಮುದ್ರಕ್ಕೆ ಮುಖಮಾಡಿದ ಕೋಣೆಯೇ ಆಗಬೇಕೆಂದನು. ಬಾಡಿಗೆಯ ಅಂಕಿಯನ್ನು ಕೇಳಿದ ನಾಲ್ಕನೆಯವನು, "ಆ ವಾರ ಗದ್ದೆಗೆ ನೀರು ಕಟ್ಟಬೇಕು ಕಣ್ರೋ, ನೀವು ಹೋಗಿಬನ್ನಿ" ಎಂದನು. ನೀರಿನ ಮಾತು ನೆಪ. ಬಾಡಿಗೆಯ ಅಂಕಿ ನಿಜ. ಎಷ್ಟೋ ಪ್ರವಾಸಗಳು ಹೀಗೆ ಒಬ್ಬನನ್ನು ಊರಿನಲ್ಲಿಯೇ ಬಿಟ್ಟು ಹೊರಡುತ್ತವೆ. ಉಳಿದವರಿಗೆ ಕಾರಣ ತಿಳಿಯುವುದೂ ಇಲ್ಲ.

ಅವನ ಪಾಲನ್ನು ತಾನೇ ಕೊಡುವೆನೆಂದು ಉಳ್ಳವನು ಹೇಳಬಹುದು. ಮನಸ್ಸು ದೊಡ್ಡದು, ಸಂಶಯವಿಲ್ಲ. ಆದರೆ ಋಣದ ಮೇಲೆ ಕುಳಿತವನಿಗೆ "ಇಲ್ಲಿ ಸ್ವಲ್ಪ ನಿಲ್ಲಿಸಿ" ಎನ್ನುವಷ್ಟು ಬಾಯಿಯೂ ಇರುವುದಿಲ್ಲ. ಇದಕ್ಕೆ ಪರಿಹಾರವೊಂದೇ: ಗುಂಪಿನಲ್ಲಿ ಯಾರ ಜೇಬು ಎಲ್ಲಕ್ಕಿಂತ ಹಗುರವೋ, ಆ ಜೇಬಿನ ಅಳತೆಗೆ ಪ್ರವಾಸವನ್ನು ಹೊಲಿಯುವುದು.

ಉಡುಪಿ, ಗೋಕರ್ಣಗಳಂಥ ಊರುಗಳಲ್ಲಿ ಇಂದು ಇದಕ್ಕೆ ಅನುಕೂಲವಿದೆ. ಪ್ರವಾಸಿಗರ ಹಾಸ್ಟೆಲುಗಳಲ್ಲಿ ಒಂದೇ ಕೋಣೆಯಲ್ಲಿ ಆರೆಂಟು ಹಾಸಿಗೆಗಳು, ಮೇಲೊಂದು ಕೆಳಗೊಂದು. ಬಾಡಿಗೆ ಕೋಣೆಗಲ್ಲ, ಹಾಸಿಗೆಗೆ. ಎಷ್ಟೋ ಕಡೆ ಹೆಂಗಸರಿಗೆ ಪ್ರತ್ಯೇಕ ಕೋಣೆಯೂ ಉಂಟು. ಇದನ್ನು ಹೊಸ ಕಾಲದ ಪದ್ಧತಿಯೆಂದು ತಿಳಿಯಬೇಕಾಗಿಲ್ಲ. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಪರಿಷೆಯವರು ದಾರಿಯ ಜಗಲಿಗಳಲ್ಲಿ ಸಾಲಾಗಿ ಮಲಗಿ, ತಾಳುಬೆಟ್ಟದಿಂದ ಮೇಲೇರಿ, ದಾಸೋಹದ ಪಂಕ್ತಿಯಲ್ಲಿ ಉಣ್ಣುವುದನ್ನು ಮುಳ್ಳೂರಿನವರು ಬಾಲ್ಯದಿಂದಲೂ ಬಲ್ಲರು. ಆ ಜಗಲಿಯಲ್ಲಿ ಸಾಹುಕಾರನಿಗೂ ಕೂಲಿಯವನಿಗೂ ಒಂದೇ ನೆಲ.

ದೂರದ ಜರ್ಮನಿಯಲ್ಲಿಯೂ ಈ ವಿಚಾರ ಹುಟ್ಟಿದ್ದು ಇಂಥದೇ ಸನ್ನಿವೇಶದಲ್ಲಿ. 1909ರ ಆಗಸ್ಟ್ ತಿಂಗಳಲ್ಲಿ ರಿಚರ್ಡ್ ಶಿರ್ಮನ್ ಎಂಬ ಶಾಲಾ ಉಪಾಧ್ಯಾಯರು ಮಕ್ಕಳೊಡನೆ ಕಾಲ್ನಡಿಗೆಯಲ್ಲಿ ಹೊರಟಿದ್ದಾಗ ಬಿರುಮಳೆ ಹಿಡಿಯಿತು. ಹಳ್ಳಿಯ ಶಾಲೆಯೊಂದರಲ್ಲಿ ಹುಲ್ಲು ಹಾಸಿ ಮಲಗಿದರು. ಮಕ್ಕಳು ನಿದ್ದೆಹೋದರು, ಅವರ ಮೇಷ್ಟರು ಯೋಚಿಸಿದರು. ನಡೆದು ತಿರುಗುವ ಎಳೆಯರಿಗೆ ಪ್ರತಿ ಊರಿನಲ್ಲೂ ಇಂಥದೊಂದು ತಂಗುಮನೆ ಏಕಿರಬಾರದು? 1912ರಲ್ಲಿ ಆಲ್ಟೆನಾ ಎಂಬ ಊರಿನ ಹಳೆಯ ಕೋಟೆಯಲ್ಲಿ ಮೊದಲ ಯುವಕರ ತಂಗುಮನೆ ತೆರೆಯಿತು.

ಗೆಳೆಯರ ದಾರಿ ಮೈಸೂರಿನಿಂದ ಪಡುವಣಕ್ಕೆ. ಕುಶಾಲನಗರದಲ್ಲಿ ತಮ್ಮೂರಿನ ಕಡೆಗೇ ಹರಿದುಬರುವ ಕಾವೇರಿಯನ್ನು ದಾಟಿ, ಮಡಿಕೇರಿಯನ್ನೇರಿ, ಸಂಪಾಜೆಯ ಘಟ್ಟವಿಳಿದರೆ ಮಂಗಳೂರು. ಅಲ್ಲಿಂದ ಬಡಗಣಕ್ಕೆ 66ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಕಾರವಾರದವರೆಗೆ ಸುಮಾರು 270 ಕಿಲೋಮೀಟರು. 1956ರ ನವೆಂಬರ್ 1ಕ್ಕೆ ಮುಂಚೆ ಈ ಒಂದು ಪ್ರಯಾಣದಲ್ಲಿ ನಾಲ್ಕು ಆಡಳಿತಗಳನ್ನು ಹಾಯಬೇಕಾಗಿತ್ತು. ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲವೂ ಮಂಗಳೂರೂ ಮದರಾಸಿನವು, ನಡುವೆ ಮೈಸೂರು, ಕೊಡಗು ತಾನೇ ಒಂದು ರಾಜ್ಯ, ಕಾರವಾರ ಮುಂಬಯಿಗೆ ಸೇರಿದ್ದು. ಇಂದು ಕಾರಿನಲ್ಲಿ ನಿದ್ದೆ ಹೋದವನಿಗೆ ಆ ಗಡಿಗಳು ಕನಸಿನಲ್ಲಿಯೂ ತೋರವು.

ಅಳಿಯದೆ ಉಳಿದಿರುವ ಗಡಿಗಳೆಂದರೆ ನದಿಗಳು. ಗುರುಪುರ, ಶಾಂಭವಿ, ಸ್ವರ್ಣಾ, ಸೀತಾ. ಕುಂದಾಪುರದ ಬಳಿ ಐದು ಹೊಳೆಗಳು ಕೂಡುವ ಪಂಚಗಂಗಾವಳಿ. ಮುಂದೆ ಶರಾವತಿ, ಅಘನಾಶಿನಿ, ಗಂಗಾವಳಿ, ಕೊನೆಗೆ ಕಾಳಿ. ಸೇತುವೆಗಳಿಲ್ಲದ ಕಾಲದಲ್ಲಿ ಬಸ್ಸು ಹೊಳೆಯ ದಡದಲ್ಲಿ ನಿಲ್ಲುತ್ತಿತ್ತು. ಪ್ರಯಾಣಿಕರು ಗಂಟುಮೂಟೆ ಹೊತ್ತು ಕಡವಿನಲ್ಲಿ ದೋಣಿಯೇರಿ, ಆಚೆ ದಡದಲ್ಲಿ ಇನ್ನೊಂದು ಬಸ್ಸು ಹಿಡಿಯುತ್ತಿದ್ದರು. ಈಗ ಸೇತುವೆಯ ಮೇಲೆ ಅರೆನಿಮಿಷ. ಹೊಳೆಯ ಹೆಸರನ್ನು ಕೇಳುವಷ್ಟೂ ವ್ಯವಧಾನವಿಲ್ಲ.

ನೋಡತಕ್ಕ ಸ್ಥಳಗಳು ಅನೇಕ. ಅವುಗಳಲ್ಲಿ ಕೆಲವಕ್ಕಂತೂ ದುಡ್ಡೇ ಬೇಡ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಸೌಪರ್ಣಿಕಾ, ಇನ್ನೊಂದು ಬದಿಗೆ ಅರಬ್ಬೀ ಸಮುದ್ರ. ಅಂಕೋಲೆಯ ನೆಲದಲ್ಲಿ 1930ರ ಉಪ್ಪಿನ ಸತ್ಯಾಗ್ರಹದ ನೆನಪಿದೆ. ಕಾರವಾರದಲ್ಲಿ ಅಣ್ಣ ಸತ್ಯೇಂದ್ರನಾಥರು ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1880ರ ದಶಕದ ಆರಂಭದಲ್ಲಿ, ತರುಣ ರವೀಂದ್ರನಾಥ ಠಾಕೂರರು ಬಂದು ತಂಗಿದ್ದರು. 'ಪ್ರಕೃತಿರ್ ಪ್ರತಿಶೋಧ' ನಾಟಕ ರೂಪುಗೊಂಡದ್ದು ಆ ತೀರದಲ್ಲಿ. ಮುದ್ದೆಗೆ ಒಗ್ಗಿದ ನಾಲಗೆ ಕುಚ್ಚಲಕ್ಕಿಯ ಗಂಜಿಗೆ ಮೊದಲ ದಿನ ಮುನಿಸಿಕೊಂಡರೂ, ಎರಡನೆಯ ದಿನ ನೀರುದೋಸೆಯೊಡನೆ ರಾಜಿಯಾಗುತ್ತದೆ.

ಗೋಕರ್ಣದಲ್ಲಿ ಹಿಂದೆ ಯಾತ್ರಿಕರಿಗೆ ಭಟ್ಟರ ಮನೆಗಳೇ ಆಸರೆ. ಇಂದಿನ ಹಾಸ್ಟೆಲಿನ ಪಡಸಾಲೆಯಲ್ಲಿ ಪಕ್ಕದ ಹಾಸಿಗೆಯವನು ಯಾವ ರಾಜ್ಯದವನೋ, ಯಾವ ದೇಶದವನೋ ಹೇಳಲಾಗದು. ಅಲ್ಲಿ ಸಂಬಳದ ಪ್ರಶ್ನೆ ಏಳುವುದಿಲ್ಲ. ನಾಳೆ ಯಾವ ದಾರಿ ಎಂಬುದೊಂದೇ ಪ್ರಶ್ನೆ. ರೇಷ್ಮೆಯ ಊರಿನಿಂದ ಬಂದವನೆಂದು ತಿಳಿದರೆ, ರೇಷ್ಮೆಗೂಡಿನ ಕಥೆ ಹೇಳಬೇಕಾದವನು ನಾಲ್ಕನೆಯವನೇ. ಬೆಂಗಳೂರಿನ ಗೆಳೆಯನು ಅಂದು ಸುಮ್ಮನೆ ಕುಳಿತು ಕೇಳುತ್ತಾನೆ. ಸಮುದ್ರಕ್ಕೆ ಮುಖಮಾಡಿದ ಕೋಣೆಯಲ್ಲಿ ಈ ಸುಖ ದೊರೆಯುತ್ತಿರಲಿಲ್ಲ. ಒಬ್ಬನ ಗೊರಕೆ ಉಳಿದವರ ನಿದ್ದೆಯನ್ನು ಕೆಡಿಸುವುದುಂಟು. ಅದು ಬಾಡಿಗೆಯ ಜೊತೆಗೆ ತೆರಬೇಕಾದ ಸುಂಕ.

ಆದರೆ ಹಾಸಿಗೆಯಲ್ಲಿ ಉಳಿಸಬಹುದೇ ಹೊರತು ಎಚ್ಚರದಲ್ಲಿ ಉಳಿಸಬಾರದು. ಕಾವೇರಿಯಲ್ಲಿ ಈಜಿದವನಿಗೆ ಕಡಲು ತನಗೆ ಹೊಸದೆಂಬುದು ಮರೆತುಹೋಗುತ್ತದೆ. ನದಿಯ ಸೆಳೆತ ಕಣ್ಣಿಗೆ ಕಾಣುತ್ತದೆ. ಕಡಲಿನದು ಅಲೆಯ ಕೆಳಗಿರುತ್ತದೆ. 2024ರ ಡಿಸೆಂಬರಿನಲ್ಲಿ ಒಳನಾಡಿನಿಂದ ಶಾಲಾಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ಕಡಲಿನ ಪಾಲಾದರು. ಜೀವರಕ್ಷಕನಿಲ್ಲದ ತೀರದಲ್ಲಿ ಪಾದ ತೋಯಿಸಿಕೊಂಡರೆ ಸಾಕು.

ಮಳೆಗಾಲದಲ್ಲಿ ಈ ದಾರಿಯೇ ಬೇಡ. 2024ರ ಜುಲೈ 16ರಂದು ಅಂಕೋಲೆಯ ಬಳಿ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿಯ ಪಕ್ಕದ ಚಹಾದಂಗಡಿಯನ್ನೂ ನಿಂತ ಲಾರಿಗಳನ್ನೂ ಗಂಗಾವಳಿಯ ಕಡೆಗೆ ತಳ್ಳಿತು. ಹಲವರು ಪ್ರಾಣ ಕಳೆದುಕೊಂಡರು. ಮುಂದಿನ ತಿಂಗಳು 7ರ ರಾತ್ರಿ ಕಾರವಾರದಲ್ಲಿ ಕಾಳಿಯ ಹಳೆಯ ಸೇತುವೆ ಮುರಿದು, ಲಾರಿಯೊಂದು ನೀರಿಗೆ ಬಿತ್ತು. ಅದರ ಚಾಲಕನು ಬದುಕಿದ್ದು ಪುಣ್ಯ. ಕರಾವಳಿಯ ಮೀನುಗಾರರ ಯಾಂತ್ರಿಕ ದೋಣಿಗಳೇ ಜೂನ್ 1ರಿಂದ ಜುಲೈ 31ರವರೆಗೆ ದಡ ಸೇರಿರುವಾಗ, ಘಟ್ಟದ ಮೇಲಿನವರಿಗೆ ಅಲ್ಲಿ ಏನು ಅವಸರ?

ಖರ್ಚಿಗೊಂದು ಕ್ರಮವಿರಲಿ. ಹೊರಡುವ ಮುನ್ನವೇ ನಾಲ್ವರೂ ಸಮನಾಗಿ ಒಂದು ಗಂಟಿಗೆ ಹಾಕುವುದು. ಮೊತ್ತವನ್ನು ಹೇಳುವ ಮೊದಲ ಮಾತು ನಾಲ್ಕನೆಯವನದಾಗುವುದು. ಲೆಕ್ಕದ ಪುಸ್ತಕ ಉಪಾಧ್ಯಾಯನ ಕೈಯಲ್ಲಿರುವುದು.

ಹೀಗೆ ಹೋಗಿಬಂದವರು ಕಾರವಾರದ ಕೊನೆಯ ಸಂಜೆ ಮರಳಿನ ಮೇಲೆ ಕುಳಿತಿದ್ದಾಗ, ನಾಲ್ಕನೆಯವನು ಒಂದು ಮಾತು ತೆಗೆದನು. "ಇಷ್ಟು ಹೊಳೆ ಈ ಕಡಲಿಗೆ ಬಿದ್ದವಲ್ಲ, ನಮ್ಮ ಕಾವೇರಿ ಒಂದು ಹನಿಯೂ ಇಲ್ಲಿಗೆ ಬರಲಿಲ್ಲ." ಉಪಾಧ್ಯಾಯನು, ಕಾವೇರಿ ಹೋಗಿ ಸೇರುವುದು ಮೂಡಣ ಕಡಲನ್ನು, ತಮಿಳುನಾಡಿನ ಪೂಂಪುಹಾರಿನ ಬಳಿ, ಎಂದನು. ನಾಲ್ಕನೆಯವನು ಒಂದು ಗಳಿಗೆ ಸುಮ್ಮನಿದ್ದು, "ಹಂಗಾದ್ರೆ ಮುಂದಿನ ವರ್ಷ ಅಲ್ಲಿಗೇ ಹೋಗೋಣ ಕಣ್ರೋ, ಗದ್ದೆ ಕೆಲಸ ಮುಗಿಸಿ ಹೇಳ್ತೀನಿ" ಎಂದನು.