ತೂತಿಗೆ ತೂಕವಿಲ್ಲ

ಊರಲ್ಲಿ ಮನೆ ಕಟ್ಟಿಸುವ ಬೆಂಗಳೂರಿನ ನಮ್ಮಂಥವರು ಗ್ರಿಲ್ಲಿನ ಅಂಗಡಿಗೆ ಹೋಗಿ ಕೇಳುವ ಮೊದಲ ಪ್ರಶ್ನೆ, "ಕೆಜಿಗೆ ಎಷ್ಟು?" ಆಲಂಕಾರಿನಲ್ಲೂ ಅದೇ, ಕಡಬದಲ್ಲೂ ಅದೇ. ಕಬ್ಬಿಣಕ್ಕೆ ಮಜೂರಿ ಸೇರಿಸಿ ಒಂದು ರೇಟು. ಇದು ಶುದ್ಧ ಅನ್ಯಾಯದ ಲೆಕ್ಕ. ಗ್ರಿಲ್ಲಿನ ನಿಜವಾದ ಕೆಲಸ ಇರುವುದು ತೂತಿನಲ್ಲಿ. ತೂತು ಕೊರೆದಷ್ಟೂ ತೂಕ ಇಳಿಯುತ್ತದೆ!

ತೂತಲ್ಲಿ ಏನು ಮಹಾ ಅಂತೀರಾ? ವರಾಂಡದ ಉದ್ದಕ್ಕೂ 6 ಮೀಟರಿನ ಪಟ್ಟಿ. ಸರಳು ತೂರಿಸಲು 100 ಮಿಲಿಮೀಟರಿಗೊಂದರಂತೆ 59 ತೂತು. ಹಿಂದಿನ ತೂತಿನಿಂದ ಮುಂದಿನದಕ್ಕೆ ಅಳೆಯುತ್ತಾ ಹೋಗಿ, ಪ್ರತಿಸಲ ಬರೀ ಅರ್ಧ ಮಿಲಿಮೀಟರ್ ಹೆಚ್ಚಾದರೂ ಕೊನೆಯದು ಸುಮಾರು 3 ಸೆಂಟಿಮೀಟರ್ ಆಚೆ. ಮೇಲಿನ ಪಟ್ಟಿ ಸರಿಯಿದ್ದು ಕೆಳಗಿನದು ಹೀಗೆ ಜಾರಿದರೆ, ಸರಳುಗಳು ಒಂದಕ್ಕಿಂತ ಒಂದು ಹೆಚ್ಚು ವಾಲುತ್ತಾ ಹೋಗುತ್ತವೆ.

ಕೆಲಸ ಬಲ್ಲವನು ಟೇಪನ್ನು ಒಂದೇ ತುದಿಗೆ ಸಿಕ್ಕಿಸಿ 100, 200, 300 ಎಂದು ಎಲ್ಲ ಗುರುತನ್ನೂ ಅಲ್ಲಿಂದಲೇ ಹಾಕುತ್ತಾನೆ. ಒಂದು ತೂತಿನ ತಪ್ಪು ಆಗ ಪಕ್ಕದ್ದಕ್ಕೆ ದಾಟುವುದಿಲ್ಲ. ಗುರುತಿನ ಮೇಲೆ ಪಂಚ್ ಇಟ್ಟು ಸುತ್ತಿಗೆಯಲ್ಲಿ ಒಂದೇಟು, ಇಲ್ಲದಿದ್ದರೆ ಬಿಟ್ ಜಾರಿ ಎಲ್ಲೋ ಕೂರುತ್ತದೆ. ಮೊದಲು ಸಣ್ಣ ಬಿಟ್, ಆಮೇಲೆ ದೊಡ್ಡದು. ಜೋಡಿ ಪಟ್ಟಿಗಳನ್ನು ಕ್ಲಾಂಪ್ ಹಾಕಿ ಒಟ್ಟಿಗೇ ಕೊರೆದರೆ ತೂತುಗಳು ಎದುರುಬದುರು ಬರುತ್ತವೆ. ಇದಕ್ಕೆಲ್ಲ ಹೊತ್ತು ಬೇಕು ಮಾರಾಯ್ರೆ! ನಡುವೆ ಕರೆಂಟು ಹೋಗುವುದು ಬೇರೆ.

ನಮ್ಮ ಕೋಡಿನಲ್ಲೂ ಇದೇ ಕಥೆ. ಪೈಥಾನ್ ಲೂಪಿನಲ್ಲಿ 0.1 ಅನ್ನು ಹತ್ತು ಸಲ ಕೂಡಿಸುತ್ತಾ ಹೋಗಿ, 1 ಬರುವುದಿಲ್ಲ, 0.9999999999999999 ಬರುತ್ತದೆ. ಕೂಡುವುದು ಬಿಟ್ಟು, ಎಷ್ಟನೇ ಸಲವೋ ಆ ಸಂಖ್ಯೆಯಿಂದ ಗುಣಿಸಿದರೆ ದೋಷ ರಾಶಿಯಾಗುವುದಿಲ್ಲ. ಇದು ಗೊತ್ತಿರುವ ಹುಡುಗನಿಗೆ ಇಂಟರ್‌ವ್ಯೂನಲ್ಲಿ ತಲೆಯಾಡಿಸಿ ಲಕ್ಷಗಟ್ಟಲೆ ಪ್ಯಾಕೇಜು ಕೊಡ್ತೇವೆ. ಅದೇ ಬುದ್ಧಿ ಕೈಯಲ್ಲಿರುವವನ ಹತ್ತಿರ ಕೆಜಿಗೆ ಎರಡು ರೂಪಾಯಿ ಚೌಕಾಸಿ. ಮೇಲಿಂದ, "ಎಂಥ ಮಾರಾಯ, ಒಂದು ತೂತಿಗೆ ಇಷ್ಟು ಹೊತ್ತಾ?"

ಸಿಎನ್‌ಸಿ ಯಂತ್ರ ಇದೆಯಲ್ಲ ಅನ್ನಬೇಡಿ. ಅದೂ ಒಂದೇ ಸೊನ್ನೆಯಿಂದ ಅಳೆಯುವುದು. 

ತೂಕಕ್ಕಷ್ಟೇ ದುಡ್ಡು ಅಂದರೆ ಅಂಗಡಿಯವನಾದರೂ ಯಾಕೆ ತೂತು ಕೊರೆಯಬೇಕು? ಸರಳನ್ನು ಪಟ್ಟಿಯ ಮೇಲಿಟ್ಟು ಅಲ್ಲಲ್ಲಿ ವೆಲ್ಡಿಂಗ್ ಚುಕ್ಕಿ ಹಾಕಿದರೂ ತೂಕ ಅಷ್ಟೇ. ನಮ್ಮ ಕಡೆಯ ಮಳೆ ಆ ಸಂದಿಯಲ್ಲಿ ಕೂತು ತುಕ್ಕು ಹಿಡಿಸುತ್ತದೆ. ಆಮೇಲೆ ಊರವರಿಗೆ ಕೆಲಸ ಬರುವುದಿಲ್ಲ ಅಂತ ದೂರುವವರೂ ನಾವೇ.

ಎಸ್ಟಿಮೇಟಿನಲ್ಲಿ ಕಬ್ಬಿಣಕ್ಕೆ ಒಂದು ಸಾಲು, ತೂತಿಗೆ ಬೇರೆಯೇ ಸಾಲು ಇರಲಿ. ಎಣಿಸಿ ದುಡ್ಡು ಕೊಡಿ. ಸರಳು ವಾಲಿದ್ದರೆ ಆ ಸಾಲಿನ ದುಡ್ಡು ಹಿಡಿಯಿರಿ.