ತಾರಸಿಯ ಚಪ್ಪರಕ್ಕೆ ಯಾವ ಬಣ್ಣ?

ರಾಜಾಜಿನಗರವು 1949ರಲ್ಲಿ ರೂಪುಗೊಳ್ಳತೊಡಗಿದ ಕಾಲದಿಂದ ಒಂದೆರಡು ತಲೆಮಾರುಗಳವರೆಗೆ, ಬೆಂಗಳೂರಿನ ಪಶ್ಚಿಮ ಭಾಗದ ಸಾಧಾರಣ ಗೃಹಸ್ಥನ ಮನೆಗೆ, ನಿವೇಶನವು ಕಿರಿದೇ ಆಗಿದ್ದರೂ, ಹಿಂಬದಿಯಲ್ಲೊಂದು ಹಿತ್ತಲೂ, ಆ ಹಿತ್ತಲಿನಲ್ಲಿ ಒಂದು ತೆಂಗು, ಒಂದು ಸೀಬೆ, ಒಂದು ಕರಿಬೇವಿನ ಗಿಡವೂ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವುಗಳ ನೆರಳೂ ಇರುತ್ತಿದ್ದುವು. ಈಗ 20×30, 30×40 ಅಡಿಗಳ ಅದೇ ನಿವೇಶನಗಳಲ್ಲಿ ಮೂರು ನಾಲ್ಕು ಅಂತಸ್ತುಗಳು ಎದ್ದಿರಲಾಗಿ, ಹಿತ್ತಲೆಂಬುದು ನೆಲವನ್ನು ಬಿಟ್ಟು ತಾರಸಿಗೆ ಏರಿದೆ. ವಿಜಯನಗರದಲ್ಲಾಗಲಿ, ಬಸವೇಶ್ವರನಗರದಲ್ಲಾಗಲಿ, ಕೆಂಗೇರಿ ಉಪನಗರದಲ್ಲಾಗಲಿ ಮೇಲಂತಸ್ತಿನಿಂದ ಸುತ್ತ ನೋಡಿದರೆ, ನೀರಿನ ತೊಟ್ಟಿಗಳ ನಡುನಡುವೆ, ನಾಲ್ಕು ಕಂಬದ ಮೇಲೆ ಅಡ್ಡಪಟ್ಟಿಗಳನ್ನು ಹೊದಿಸಿದ, ಪರ್ಗೋಲಾ ಎಂದು ಎಲ್ಲರೂ ಕರೆಯುವ ಚಪ್ಪರಗಳು ಕಾಣುತ್ತವೆ. ಅವುಗಳಲ್ಲಿ ಬಹುಪಾಲು ಕಪ್ಪು, ಇಲ್ಲವೆ ದಟ್ಟವಾದ ಚಾಕೊಲೇಟು ಬಣ್ಣದವು. ಈ ಬಣ್ಣದ ಆಯ್ಕೆಯು ತಪ್ಪು, ಮತ್ತು ಇದು ಕೇವಲ ಅಭಿರುಚಿಯ ಪ್ರಶ್ನೆಯಲ್ಲ, ನೆರಳಿಗಾಗಿ ಕಟ್ಟಿದ ವಸ್ತುವು ನೆರಳಿನ ಕೆಲಸವನ್ನು ಮಾಡುವುದೋ ಇಲ್ಲವೋ ಎಂಬ ಪ್ರಶ್ನೆ, ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಕಡುಬಣ್ಣದ ಚಪ್ಪರಗಳು ನಮಗೆ ಬಂದದ್ದು ಕಡಲತೀರದ ವಿಹಾರಗೃಹಗಳ ಚಿತ್ರಗಳಿಂದ. ಹಿಂದೆ ನೀಲಿ ಸಮುದ್ರ, ಮುಂದೆ ಬಿಳಿ ಮರಳು, ನಡುವೆ ಕರಿಮರದ ತೊಲೆಗಳು: ಕಣ್ಣಿಗೆ ಆ ದೃಶ್ಯವು ರಮ್ಯವೇ ಸರಿ. ಆದರೆ ಅಲ್ಲಿ ಹಗಲೆಲ್ಲ ಕಡಲಿನಿಂದ ಬೀಸುವ ಗಾಳಿಯು ಕಾದ ಮರವನ್ನು ತಣಿಸುತ್ತಿರುತ್ತದೆ; ನಾಲ್ಕನೆಯ ಮಹಡಿಯ ಸಿಮೆಂಟು ನೆಲದ ಮೇಲೆ, ಮೂರು ಕಡೆಯೂ ನೆರೆಮನೆಯ ಗೋಡೆಗಳಿರುವಲ್ಲಿ, ಆ ಅನುಕೂಲವಿಲ್ಲ.

ಬಿಸಿಲಿನ ವಿಷಯದಲ್ಲಿಯಾದರೋ ಕರಾವಳಿಗೂ ನಮಗೂ ಇರುವ ಸಾಮ್ಯ ಬಹುಜನರಿಗೆ ತಿಳಿಯದು. ವರ್ಷದಲ್ಲಿ ಎರಡು ಬಾರಿ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ, ಮಧ್ಯಾಹ್ನದ ಸೂರ್ಯನು ಬೆಂಗಳೂರಿನ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಏಪ್ರಿಲಿನ ಆ ದಿನ 12 ಗಂಟೆ 17 ನಿಮಿಷದ ಹೊತ್ತಿಗೆ, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಮಂಗಳೂರು ಹೆಚ್ಚುಕಡಮೆ ಇದೇ ಅಕ್ಷಾಂಶದಲ್ಲಿರುವುದರಿಂದ ಅಲ್ಲಿಯೂ ಅವೇ ದಿನಗಳಲ್ಲಿ, ಹತ್ತು ಹನ್ನೊಂದು ನಿಮಿಷ ತಡವಾಗಿ, ಇದೇ ಸಂಗತಿ ಒದಗುತ್ತದೆ. ವ್ಯತ್ಯಾಸವಿರುವುದು ಗಾಳಿಯಲ್ಲಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮೇಲೇರಿದಂತೆ ಗಾಳಿ ತೆಳುವಾಗುವುದರಿಂದ, ಪ್ರತಿ ಸಾವಿರ ಮೀಟರಿಗೆ ಅತಿನೇರಳೆ ಕಿರಣಗಳ ತೀಕ್ಷ್ಣತೆಯು ಸುಮಾರು ನೂರಕ್ಕೆ ಹತ್ತರಷ್ಟು ಹೆಚ್ಚುತ್ತದೆ. ನಮ್ಮ ಊರಿನ ಗಾಳಿ ತಂಪೆಂಬ ಹಳೆಯ ನಂಬಿಕೆಯಿಂದ ಬಿಸಿಲೂ ಸೌಮ್ಯವೆಂದು ಭಾವಿಸಿಕೊಂಡಿದ್ದೇವೆ. ವಾಸ್ತವದಲ್ಲಿ ಬಣ್ಣವನ್ನು ಕೆಡಿಸುವ ಕಿರಣಗಳು ಕರಾವಳಿಗಿಂತ ಇಲ್ಲಿಯೇ ಹೆಚ್ಚು ಹರಿತ. ತಂಪೆಂಬುದಾದರೂ ಎಲ್ಲಿ ಉಳಿಯಿತು? 2016ರ ಏಪ್ರಿಲ್ ತಿಂಗಳಲ್ಲಿ ಈ ನಗರದ ತಾಪಮಾನ 39.2 ಡಿಗ್ರಿ ಸೆಲ್ಸಿಯಸ್‌ಗೆ ಏರಿತ್ತು.

ಹೀಗೆ ನೆತ್ತಿಗೆ ಬೀಳುವ ಬಿಸಿಲಿನಲ್ಲಿ ಹೊಸ ಬಿಳಿಯ ಬಣ್ಣವು ತನ್ನ ಮೇಲೆ ಬಿದ್ದ ಶಾಖದ ನೂರರಲ್ಲಿ ಸುಮಾರು 80 ಪಾಲನ್ನು ಹಿಂದಕ್ಕೆ ಕಳುಹಿಸುತ್ತದೆ. ಕಪ್ಪು 90 ಪಾಲಿಗೂ ಮಿಗಿಲಾಗಿ ಹೀರಿಕೊಳ್ಳುತ್ತದೆ. ಹೀರಿದ ಶಾಖವು ಎಲ್ಲಿಗೂ ಮಾಯವಾಗುವುದಿಲ್ಲ; ಪಟ್ಟಿಯ ಕೆಳಮೈಯಿಂದ, ಅದರಡಿಯಲ್ಲಿ ಕುಳಿತವನ ತಲೆಯ ಮೇಲೆ ಇಳಿಯುತ್ತದೆ. ಏಪ್ರಿಲಿನ ಒಂದು ಮಧ್ಯಾಹ್ನ ವಿಜಯನಗರದಲ್ಲಿ ಆಪ್ತರೊಬ್ಬರ ತಾರಸಿಯ ಮೇಲೆ, ಕಪ್ಪು ಬಳಿದ ಚೌಕದ ಕೊಳವೆಯನ್ನೂ, ಅದರ ಪಕ್ಕದಲ್ಲಿಯೇ ಇದ್ದ ಬಿಳಿಬಣ್ಣದ ಹಳೆಯ ಬಟ್ಟೆಕಂಬವನ್ನೂ ಕೈಯಿಂದ ಮುಟ್ಟಿ ನೋಡಿದೆನು: ಬಿಳಿಯ ಕಂಬದ ಮೇಲೆ ಅಂಗೈಯನ್ನು ಇರಿಸಿಕೊಳ್ಳಬಹುದಾಗಿತ್ತು, ಕಪ್ಪು ಕೊಳವೆಯ ಮೇಲಿಂದ ಕೈ ತಾನಾಗಿಯೇ ಹಿಂದೆ ಸರಿಯಿತು. ಆ ಮನೆಯ ಹಿರಿಯರು ಸಂಜೆ ಆರರ ತನಕ ಚಪ್ಪರದಡಿಗೆ ಬರುವುದನ್ನೇ ಬಿಟ್ಟಿದ್ದರು. ನಡು ಹಗಲಿನಲ್ಲಿ ಉಪಯೋಗಕ್ಕೆ ಬಾರದ ಚಪ್ಪರಕ್ಕೆ ಅಷ್ಟು ಹಣವನ್ನು ಏಕೆ ವ್ಯಯಿಸಬೇಕು?

ಬಿಳಿ ಬಣ್ಣ ಬೇಗ ಕೊಳೆಯಾಗುತ್ತದೆ, ಕಣ್ಣಿಗೆ ಹೊಡೆಯುತ್ತದೆ ಎಂಬ ಆಕ್ಷೇಪಗಳು ನಿರಾಧಾರವಲ್ಲ. ಮಾಗಡಿ ರಸ್ತೆಯ, ಮೈಸೂರು ರಸ್ತೆಯ ಧೂಳು ಯಾವ ಬಿಳುಪನ್ನೂ ಬಹುಕಾಲ ಉಳಿಯಗೊಡದು. ಆದರೆ ಇದಕ್ಕೆ ಪರಿಹಾರವು ಕಪ್ಪಿನಲ್ಲಿಲ್ಲ. ಚಪ್ಪರದ ಪಟ್ಟಿಗೆ ಎರಡು ಮೈಗಳುಂಟೆಂಬ ಸರಳವಾದ ಅರಿವಿನಲ್ಲಿದೆ. ಆಕಾಶಕ್ಕೆ ಮುಖಮಾಡಿದ ಮೇಲ್ಮೈಗೆ ಬಿಳಿ, ಅಥವಾ ಧೂಳನ್ನು ಎದ್ದು ತೋರದ ದಂತವರ್ಣ, ಅದೂ ಸ್ವಲ್ಪ ನುಣುಪಾದ ಲೇಪದಲ್ಲಿ, ಏಕೆಂದರೆ ನುಣುಪಿನ ಮೇಲೆ ನಿಂತ ಧೂಳನ್ನು ಒಂದು ಮಳೆಯೇ ತೊಳೆದುಬಿಡುತ್ತದೆ. ಕುಳಿತವರ ಕಣ್ಣಿಗೆ ಬೀಳುವ ಕೆಳಮೈಗೆ ಹೊಳಪಿಲ್ಲದ ಗಂಧದ ಬಣ್ಣವನ್ನೋ, ತೆಳುವಾದ ಕಾವಿಯನ್ನೋ, ಎಲೆಯ ಹಸುರಿನ ಮಂದಛಾಯೆಯನ್ನೋ ಕೊಟ್ಟರೆ ಸಾಕು. ಕೂಲಿ ಒಂದು ಪಾಲು ಹೆಚ್ಚಾದೀತು. ದೃಷ್ಟಿಗೆ ಸುಖ, ತಲೆಗೆ ತಂಪು ಎರಡೂ ದೊರೆಯುತ್ತವೆ.

ಮರದ ಚಪ್ಪರವನ್ನು ಮಾಡಿಸುವವರಿಗೆ ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮರದ ಸಹಜವಾದ ನಾರು ಕಾಣಲೆಂದು, ಮೈಸೂರು ರಸ್ತೆಯ ಟಿಂಬರ್ ಯಾರ್ಡಿನ ಕಡೆಯಿಂದ ಆರಿಸಿ ತಂದ ಒಳ್ಳೆಯ ಹೊನ್ನೆಗೋ ಮತ್ತಿಗೋ ತೇಗಕ್ಕೋ, ಪಾರದರ್ಶಕವಾದ ವಾರ್ನಿಷನ್ನು ಎರಡು ಮೂರು ಸುತ್ತು ಹೊಡೆಸುವುದು ಸಾಮಾನ್ಯ ಪದ್ಧತಿ. ಒಳಮನೆಯ ಬಾಗಿಲಿಗೆ ಸಲ್ಲುವ ಈ ಉಪಚಾರವು ಬಯಲಿನ ಮರಕ್ಕೆ ಸಲ್ಲದು. ಮರದ ನಾರುಗಳನ್ನು ಒಂದಕ್ಕೊಂದು ಹಿಡಿದಿಡುವ ಲಿಗ್ನಿನ್ ಎಂಬ ದ್ರವ್ಯವುಂಟು. ಅತಿನೇರಳೆ ಕಿರಣವು ಮೊದಲು ಶಿಥಿಲಗೊಳಿಸುವುದು ಅದನ್ನೇ. ಕಣ್ಣಿಗೆ ಪಾರದರ್ಶಕವಾದ ಲೇಪವು ಆ ಕಿರಣಕ್ಕೂ ಬಹುಮಟ್ಟಿಗೆ ದಾರಿ ಬಿಡುವುದರಿಂದ, ಮೇಲಿನ ಪೊರೆಯು ಇನ್ನೂ ಮಿರುಗುತ್ತಿರುವಾಗಲೇ ಅದರಡಿಯ ಮರವು ಪುಡಿಯಾಗತೊಡಗಿ, ಪೊರೆಗೆ ಆಧಾರ ತಪ್ಪಿ, ಬಿರುಕಿನಲ್ಲಿ ಮಳೆನೀರು ಇಳಿದು, ಕಡೆಗೆ ಎಲ್ಲವೂ ಈರುಳ್ಳಿಯ ಒಣಸಿಪ್ಪೆಯಂತೆ ಎದ್ದು ಬರುತ್ತದೆ. ಬಸವೇಶ್ವರನಗರದ ಒಂದು ತಾರಸಿಯಲ್ಲಿ, ತೇಗದ ಪಟ್ಟಿಯಿಂದ ಇಂಥ ಸಿಪ್ಪೆಯೊಂದನ್ನು ಬಿಡಿಸಿ ಬೆಳಕಿಗೆ ಹಿಡಿದೆನು: ಅದರ ಒಳಮೈಗೆ ಮರದ ಸಣ್ಣ ಸಣ್ಣ ಎಳೆಗಳು ಅಂಟಿಕೊಂಡೇ ಬಂದಿದ್ದುವು, ಪಟ್ಟಿಯ ಮೇಲೆ ಬೂದಿಬಣ್ಣದ ಒರಟು ಗಾಯ ಉಳಿದಿತ್ತು. ಹಾಗೆ ಎದ್ದ ವಾರ್ನಿಷಿನ ಮೇಲೆ ಮತ್ತೆ ವಾರ್ನಿಷು ನಿಲ್ಲದು. ಪೂರ್ತಿ ಉಜ್ಜಿ ತೆಗೆಯಬೇಕು, ಅದು ಹೊಸದಾಗಿ ಮಾಡಿಸಿದಷ್ಟೇ ಶ್ರಮ.

ಬಯಲಿನ ಮರಕ್ಕೆ ತಕ್ಕದ್ದು ಮರದೊಳಕ್ಕೆ ಇಂಗುವ ಎಣ್ಣೆಯ ಲೇಪ, ಅದರಲ್ಲಿ ಸ್ವಲ್ಪವಾದರೂ ಖನಿಜವರ್ಣ ಬೆರೆತಿರಬೇಕು. ವರ್ಣದ ಕಣವೇ ಕಿರಣವನ್ನು ತಡೆಯುವ ಕೊಡೆ. ಹೀಗೆ ಇಂಗಿದ ಲೇಪಕ್ಕೆ ಪೊರೆಯಿಲ್ಲದ್ದರಿಂದ ಅದು ಸಿಪ್ಪೆಯೇಳುವುದಿಲ್ಲ. ಕಾಲಕ್ರಮದಲ್ಲಿ ಮಾಸುತ್ತದೆ, ಅಷ್ಟೆ. ಮಾಸಿದಾಗ ಧೂಳು ಒರೆಸಿ ಮತ್ತೊಂದು ಸುತ್ತು ಬಳಿಯುವುದಕ್ಕೆ ಮನೆಯವರೇ ಸಾಕು.

ಇಲ್ಲಿಯೇ ಕರಾವಳಿಯಿಂದ ಕಲಿಯತಕ್ಕ ನಿಜವಾದ ಪಾಠವಿರುವುದು. ಅಲ್ಲಿನ ಜನ ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆಯನ್ನು ದೋಣಿಯ ಮರಕ್ಕೂ ಮನೆಯ ಮರಕ್ಕೂ ಉಣಿಸುತ್ತ ಬಂದವರು. ಒಮ್ಮೆ ಬಳಿದು ಮರೆಯಬಹುದಾದ ಲೇಪವೊಂದುಂಟೆಂಬ ಭ್ರಮೆಗೆ ಅವರು ಒಳಗಾದವರಲ್ಲ. ಬೇಸಿಗೆಗೆ ಅಂಗಳದಲ್ಲಿ ಅಡಿಕೆಮರದ ಕಂಬ ನೆಟ್ಟು, ದಬ್ಬೆ ಹಾಸಿ, ಸೋಗೆಯನ್ನೋ ಹೆಣೆದ ತೆಂಗಿನ ಮಡಲನ್ನೋ ಹೊದಿಸಿದ ಅವರ ಚಪ್ಪರವು ಮಳೆಗಾಲಕ್ಕೆ ಮುಂಚೆ ಇಳಿಯುತ್ತಿತ್ತು. ಒಣಗಿದ ಸೋಗೆಯ ಬಣ್ಣ ತಿಳಿಯಾದ ಕಂದು. ಎಳೆಗಳ ನಡುವೆ ಗಾಳಿಯಾಡುವುದರಿಂದ ಅದು ಶಾಖವನ್ನು ಹಿಡಿದಿಟ್ಟುಕೊಳ್ಳದು. ಇನ್ನು ಅಲ್ಲಿನ ಹಳೆಯ ದೇವಾಲಯಗಳ ಗೋಡೆಗಳ ಮೇಲೆ, ಬಿಳಿಯ ಸುಣ್ಣದ ಗಾರೆಯಲ್ಲಿ ಕೆಂಪಾಗಿ ಕೊರೆದ ಕಾವಿಕಲೆಯನ್ನು ನೋಡಿದವರು ಒಂದು ಸಂಗತಿಯನ್ನು ಗಮನಿಸಿರಬಹುದು: ಅಷ್ಟು ವರ್ಷಗಳ ಬಿಸಿಲಿಗೂ ಆ ಕೆಂಪು ಪೇಲವವಾಗಿಲ್ಲ. ಕಾವಿಯ ಬಣ್ಣವು ಕಬ್ಬಿಣದ ಆಕ್ಸೈಡಿನದು. ಗಾಳಿಯೊಡನೆ ಕೂಡಬೇಕಾದಷ್ಟು ಕೂಡಿ ಮುಗಿದ ದ್ರವ್ಯವಾದ್ದರಿಂದ ಬಿಸಿಲು ಅದಕ್ಕೆ ಮತ್ತೇನನ್ನೂ ಮಾಡಲಾರದು. ಅಂಗಡಿಯ ಬಣ್ಣದ ಪುಸ್ತಕದಲ್ಲಿ ಕಾಣುವ ಉಜ್ವಲವಾದ ಕೆಂಪು, ನೇರಳೆ, ಕಿತ್ತಳೆಗಳಲ್ಲಿ ಹಲವು ಸಾವಯವ ವರ್ಣಗಳಿಂದಾದವು. ತೆರೆದ ತಾರಸಿಯಲ್ಲಿ ಅವು ಬೇಗನೆ ಕಾಂತಿ ಕಳೆದುಕೊಳ್ಳುತ್ತವೆ. ಆದಕಾರಣ ಬಣ್ಣವೇ ಬೇಕೆಂಬವರು ಕಾವಿ, ಹಳದಿಮಣ್ಣು, ಕಂದು ಈ ಮಣ್ಣಿನ ಕುಲದಿಂದ ಆರಿಸಿಕೊಳ್ಳತಕ್ಕದ್ದು.

ಪಶ್ಚಿಮ ಬೆಂಗಳೂರಿನ ಚಪ್ಪರಗಳಲ್ಲಿ ಹೆಚ್ಚಿನವು ಮರದವಲ್ಲ, ಕಬ್ಬಿಣದವು. ಪೀಣ್ಯ, ಕಾಮಾಕ್ಷಿಪಾಳ್ಯಗಳ ಸಣ್ಣ ಕಾರ್ಖಾನೆಗಳು ಹತ್ತಿರವಿರುವುದೂ ಇದಕ್ಕೊಂದು ಕಾರಣ. ಅಲ್ಲಿನ ಬೆಸುಗೆಗಾರರ ಕೈಗೆಲಸವನ್ನು ನಾನು ಗೌರವಿಸುತ್ತೇನೆ. ಆದರೆ ಗಿರಾಕಿಯು ಬೆಲೆಯನ್ನಲ್ಲದೆ ಮತ್ತೇನನ್ನೂ ಕೇಳದಿರುವಾಗ, ಬೆಸುಗೆಯ ಕಿಟ್ಟವನ್ನು ಪೂರ್ತಿ ತೆಗೆಯದೆ ಮೇಲೆ ರೆಡ್ ಆಕ್ಸೈಡ್ ಹೊಡೆದು ಎರಡು ಕೋಟು ಎನಾಮಲ್ ಬಳಿದು ಕಳುಹಿಸುವುದು ಸಹಜವಾಗಿಬಿಡುತ್ತದೆ. ತುಕ್ಕು ಹುಟ್ಟುವುದು ಆ ಬೆಸುಗೆಯ ಸಂದಿನಲ್ಲಿ, ಮುಚ್ಚದೆ ಬಿಟ್ಟ ಕೊಳವೆಯ ತುದಿಯಲ್ಲಿ, ನೆಲಕ್ಕೆ ಕೂರಿಸಿದ ತಗಡಿನ ಸುತ್ತ ನೀರು ನಿಲ್ಲುವ ಕಡೆ. ಪೌಡರ್ ಕೋಟಿಂಗ್ ಮಾಡಿಸುವವರು ತಿಳಿಯಬೇಕಾದ ಭೇದವೊಂದಿದೆ: ಎಪಾಕ್ಸಿ ಜಾತಿಯ ಪುಡಿ ಗಟ್ಟಿಯಾದದ್ದೇ ಆದರೂ ಬಿಸಿಲಿನಲ್ಲಿ ಬೇಗ ಹೊಳಪು ಕೆಟ್ಟು ಮುಟ್ಟಿದರೆ ಕೈಗೆ ಹತ್ತುತ್ತದೆ, ಬಯಲಿಗೆ ಸಲ್ಲುವುದು ಪಾಲಿಯೆಸ್ಟರ್ ಜಾತಿ. ಯಾವುದನ್ನು ಹಾಕಿದ್ದಾರೆಂಬುದನ್ನು ರಸೀದಿಯಲ್ಲಿ ಬರೆಯಿಸಿಕೊಳ್ಳುವುದು ಮೇಲು. ಕರಾವಳಿಯಲ್ಲಾದರೆ ಉಪ್ಪುಗಾಳಿಯ ಭಯದಿಂದ ಸತುವಿನಲ್ಲಿ ಅದ್ದಿ ತೆಗೆದ ಕಬ್ಬಿಣವನ್ನೋ ಅಲ್ಯೂಮಿನಿಯಮನ್ನೋ ಬಳಸುವುದು ಅನಿವಾರ್ಯ. ನಮಗೆ ಆ ಭಯವಿಲ್ಲ. ಆದರೆ ಕೆಂಗೇರಿಯ ಕಡೆ, ಮೈಸೂರು ರಸ್ತೆಯ ಮಗ್ಗುಲಲ್ಲಿ ಹರಿಯುವ ವೃಷಭಾವತಿಯು ನಗರದ ಕೊಳಚೆಯನ್ನು ಹೊತ್ತಿರುವಷ್ಟು ಕಾಲವೂ, ಆ ನೀರಿನಿಂದೇಳುವ ದುರ್ವಾಯುವಿಗೆ ಹಿತ್ತಾಳೆ ತಾಮ್ರಗಳು ಕಪ್ಪಾಗುವುದು ತಪ್ಪದು. ಅಲ್ಲಿಯವರು ಚಪ್ಪರಕ್ಕೆ ಹಿತ್ತಾಳೆಯ ಅಲಂಕಾರಗಳನ್ನು ಹಾಕಿಸದಿರುವುದು ಒಳಿತು.

ಮೇಲೆ ಹೊದಿಸುವ ನೀಲಿ ಪ್ಲಾಸ್ಟಿಕ್ ಹಾಳೆಯ ಬಗ್ಗೆ ಒಂದೇ ಮಾತು: ಅದರಡಿಯಲ್ಲಿ ಊಟದ ಅನ್ನವೂ ಮಕ್ಕಳ ಮುಖವೂ ನೀಲಿಯಾಗಿ ಕಾಣುತ್ತವೆ, ಹಾಲುಬಿಳುಪಿನ ಹಾಳೆ ಅದಕ್ಕಿಂತ ಎಷ್ಟೋ ಉತ್ತಮ. ಪಟ್ಟಿಗಳನ್ನು ಅಂಚಿನ ಮೇಲೆ ನಿಲ್ಲಿಸುವ ಈಗಿನ ಚಂದವಾದರೂ, ಸೂರ್ಯನು ನೆತ್ತಿಗೆ ಬರುವ ನಮ್ಮ ಏಪ್ರಿಲಿನ ಮಧ್ಯಾಹ್ನದಲ್ಲಿ, ಗೆರೆಗಿಂತ ಹೆಚ್ಚಿನ ನೆರಳನ್ನು ಕೊಡದು. ಮಲಗಿಸಿ ಜೋಡಿಸಬೇಕು, ಇಲ್ಲವೆ ಬಳ್ಳಿ ಹಬ್ಬಿಸಬೇಕು. ನಗರದ ಉತ್ತರಕ್ಕೆ ಕಲ್ಲುಕಂಬ ನೆಟ್ಟು ತಂತಿಯೆಳೆದು ಬೆಂಗಳೂರು ನೀಲಿ ದ್ರಾಕ್ಷಿಯನ್ನು ಹಬ್ಬಿಸಿದ ತೋಟಗಳನ್ನು ಕಂಡವರಿಗೆ, ಎಲೆಯ ಹಸುರಿಗಿಂತ ಮಿಗಿಲಾದ ಹೊದಿಕೆಯಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಬಣ್ಣ ಬಳಿಯುವುದಕ್ಕೆ ಸಂಕ್ರಾಂತಿ ಯುಗಾದಿಗಳ ನಡುವಣ ದಿನಗಳು ಪ್ರಶಸ್ತ. ಗಾಳಿ ಒಣಗಿರುತ್ತದೆ, ಮಳೆಯ ಕಾಟವಿಲ್ಲ. ಇಬ್ಬನಿ ಆರಿದ ಮೇಲೆ ಬೆಳಗಿನಲ್ಲಿ ಆರಂಭಿಸಿ, ಲೋಹವು ಕಾಯುವ ಮೊದಲೇ ಕೈ ತೊಳೆದುಕೊಳ್ಳಬೇಕು. ಕಾದ ಕಬ್ಬಿಣದ ಮೇಲೆ ಬಳಿದ ಬಣ್ಣ ಸರಿಯಾಗಿ ಹರಡುವ ಮೊದಲೇ ಒಣಗಿ ಗುಳ್ಳೆಯೇಳುತ್ತದೆ. ಕಪ್ಪು ಚಪ್ಪರವನ್ನು ಈಗಾಗಲೇ ಕಟ್ಟಿಸಿಕೊಂಡಿರುವ ಮಹನೀಯರು ಅದನ್ನು ಕೀಳಿಸುವ ಅಗತ್ಯವಿಲ್ಲ. ಮುಂದಿನ ಬೇಸಿಗೆ ಹುಟ್ಟುವ ಮೊದಲು ಮೇಲ್ಮೈಯನ್ನಷ್ಟೇ ಉಜ್ಜಿಸಿ, ಪ್ರೈಮರ್ ಹಾಕಿಸಿ, ಎರಡು ಸುತ್ತು ಬಿಳಿ ಹೊಡೆಸಿರಿ. ಕೆಳಗಿನಿಂದ ನೋಡುವವರಿಗೆ ನಿಮ್ಮ ಮೆಚ್ಚಿನ ಬಣ್ಣ ಹಾಗೆಯೇ ಇರುತ್ತದೆ.